ಸೂಲಗಿತ್ತಿ ಓರ್ಸೊಲಾಳ ಕೈ

ಕ್ರೆಮೋನಾದಲ್ಲಿ ಸ್ಪೇನಿನ ಸಿಪಾಯಿಗಳು ತುಂಬಿಕೊಂಡಿದ್ದ ಕಾಲ. ನಮ್ಮ ನೇಕಾರರ ಬೀದಿಯಲ್ಲಿ ಹುಟ್ಟಿದವರನ್ನೆಲ್ಲ ಮೊದಲು ಎತ್ತಿಕೊಂಡವಳು ಸೂಲಗಿತ್ತಿ ಓರ್ಸೊಲಾ. ಚಿಕ್ಕವರು ದೊಡ್ಡವರೆಲ್ಲ ಅವಳನ್ನು ಕೊಮಾರೆ, ಅಂದರೆ ಸೂಲಗಿತ್ತಮ್ಮ, ಅಂತಲೇ ಕರೆಯುತ್ತಿದ್ದರು. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ.

"ಎಲ್ಲರೂ ಮೊದಲು ಕಂಡಿದ್ದು ನನ್ನ ಮುಖಾನೇ ಕಣೇ. ಒಬ್ಬರಿಗಾದ್ರೂ ನೆನಪಿದೆಯಾ?" ಅಂತ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಚಿತ್ರಕಾರ ಎರ್ಕೊಲೆ ನಮ್ಮ ಚರ್ಚಿಗೆ ಬಾಲಯೇಸುವಿನ ಜನನ ಬರೆಯಲು ಬಂದ. ಚಿತ್ರದಲ್ಲಿ ಮರಿಯಮ್ಮನ ಪಕ್ಕ ನಿಲ್ಲುವ ಸೂಲಗಿತ್ತಿಗೆ ಮಾದರಿಯಾಗಿ ಇವಳನ್ನೇ ಆರಿಸಿದ. ಅವಳ ಸಂಭ್ರಮ ಕೇಳಬೇಕೆ! "ನಾನು ಸತ್ತ ಮೇಲೂ ನನ್ನ ಮುಖ ಅಲ್ಲಿರುತ್ತೆ" ಅಂತ ಬೀದಿಗೆಲ್ಲ ಸಾರಿದಳು.

ಎರ್ಕೊಲೆಗೆ ಒಂದು ಹಟ. ಕತ್ತಲ ಕೊಟ್ಟಿಗೆಯಲ್ಲಿ ದೀಪ ಬೇಡ, ಚಂದ್ರ ಬೇಡ, ಬೆಳಕೆಲ್ಲ ಮಗುವಿನ ಮೈಯಿಂದಲೇ ಬರಬೇಕು.

"ಹೊಳೆಯೋ ಮಗು ಎಲ್ಲಿ ನೋಡಿದೀಯಪ್ಪ? ನಾನು ಎತ್ತಿದ್ದೆಲ್ಲ ಚರ್ಮ ಸುಲಿದ ಮೊಲದ ಥರ ಇದ್ವು!" ಅಂದಳು ಓರ್ಸೊಲಾ.

ಕೆಳಗಿನಿಂದ ಬೀಳುವ ಬೆಳಕು ಬೇಕೆಂದು ಅವಳನ್ನು ನಮ್ಮ ರೊಟ್ಟಿ ಭಟ್ಟಿಯ ಮುಂದೆ ನಿಲ್ಲಿಸಿದ. ನನ್ನ ಗಂಡ, ಪಾಪ ಈಗಿಲ್ಲ, ಭಟ್ಟಿಯ ಬಾಗಿಲು ತೆಗೆದದ್ದೇ ತಡ, ಝಳ ಮುಖಕ್ಕೆ ರಾಚಿ ಅವಳು ಕೈ ಅಡ್ಡ ಹಿಡಿದಳು.

"ಹಾಗೇ ಇರಿ! ಅಲ್ಲಾಡ್ಬೇಡಿ!" ಅಂತ ಎರ್ಕೊಲೆ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಕ್ರಿಸ್‌ಮಸ್ ಬೆಳಿಗ್ಗೆ ಪರದೆ ಸರಿಸಿದರು. ಅಬ್ಬಾ! ಮಗುವಿನಿಂದ ಚಿಮ್ಮಿದ ಬೆಳಕು ಮರಿಯಮ್ಮನ ಗಲ್ಲಕ್ಕೆ, ಎತ್ತಿನ ಮೂತಿಗೆ, ಮೇಲೆ ಹಾರುವ ದೇವದೂತರ ಅಂಗಾಲಿಗೆ ಹತ್ತಿಕೊಂಡಿತ್ತು. ಮರಿಯಮ್ಮನ ಕತ್ತು ಕೊಕ್ಕರೆಯ ಕತ್ತು, ದೂತರೋ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿದ್ದರು. ಆದರೂ ಆ ತಾಯಿಯ ಮುಖದಲ್ಲಿ ನಗುವೂ ಅಳುವೂ ಒಟ್ಟಿಗೇ ಬಂದದ್ದನ್ನು ನೋಡಿ, ನನ್ನ ಮೊದಲ ಹೆರಿಗೆ ನೆನಪಾಯಿತು.

ಸೂಲಗಿತ್ತಿಯ ಮುಖ? ಅಡ್ಡ ಹಿಡಿದ ಕೈಯ ಹಿಂದೆ ಪೂರಾ ಕತ್ತಲು.

"ಏನ್ ಕೊಮಾರೆ, ನಿಮ್ಮ ಮುಖ ಇಲಿ ತಿಂತಾ?" ಅಂತ ಕಟುಕ ಝೆನೊ ನಕ್ಕ. ಜನವೂ ನಕ್ಕಿತು. ಓರ್ಸೊಲಾ ಬಾಗಿಲ ಕಡೆ ನಡೆದಳು.

ಅಷ್ಟರಲ್ಲಿ ಝೆನೊನ ಹೆಂಡತಿ ತರ್ಸಿಲ್ಲಾ ಚೀರಿದಳು: "ಅಯ್ಯಯ್ಯೋ, ಆ ಕಿರುಬೆರಳು ನೋಡ್ರೇ! ನಮ್ಮ ದೊಡ್ಡೋನು ಹುಟ್ಟೋವಾಗ ನೋವು ತಡೀಲಾರ್ದೆ ನಾನೇ ಮುರಿದ ಬೆರಳು ಅದು!"

ಹೌದು! ಎರ್ಕೊಲೆ ಚಿತ್ರದಲ್ಲಿದ್ದ ಎಲ್ಲರ ಬೆರಳುಗಳ ಹಾಗೆ ಇವಳವನ್ನೂ ಗೇಣುದ್ದ ಎಳೆದಿದ್ದ, ಆದರೆ ಸೊಟ್ಟ ಬೆರಳನ್ನು ಸೊಟ್ಟಗೇ ಬಿಟ್ಟಿದ್ದ. ಅದರ ಸಂದಿನಿಂದ ಆ ಮಗುವಿನ ಬೆಳಕು ಕೆಂಪಗೆ ತೂರಿ ಬರುತ್ತಿತ್ತು.

"ನನ್ನನ್ನ ಎಳೆದ ಕೈ ಕಣ್ರೋ!"

"ನಮ್ಮ ಅವಳಿಗಳನ್ನ ಉಳಿಸಿದ ಕೈ!"

"ತಳ್ಬೇಡ, ನಾನೂ ನೋಡ್ಬೇಕು!"

"ದೇವರ ಮನೆ ಇದು, ಗಲಾಟೆ ನಿಲ್ಲಿಸಿ!" ಅಂತ ಪಾದ್ರಿಗಳು ಗಂಟಲು ಹರಿದುಕೊಂಡರು.

ಓರ್ಸೊಲಾ ಬಾಗಿಲಿನಿಂದ ಓಡಿ ಬಂದಳು. ಜನರನ್ನು ಸೀಳಿಕೊಂಡು ಚಿತ್ರದ ಪಕ್ಕ ಹೋಗಿ ಅದೇ ಕೈಯನ್ನು ಹಾಗೇ ಎತ್ತಿ ಹಿಡಿದಳು. ಕೆನ್ನೆಯೆಲ್ಲ ಒದ್ದೆ.

"ಕೂಗಲಿ ಬಿಡಿ ಸ್ವಾಮಿ," ಅಂದಳು. "ಈ ಕೈಗೆ ಬಂದಾಗ ನೀವೂ ಹೀಗೇ ಕೂಗಿದ್ರಿ."