ಮೊದಲ ಸಾಲಿನ ಮೇಲೆ ಅಪ್ಪನ ಹೆಸರು

ನಮ್ಮ ಜನಕ್ಕೆ ಹೆಸರು ಬರೆಸುವ ಹುಚ್ಚು. ಹಿರಿಯೂರಿನ ನಮ್ಮ ಚರ್ಚಿನಲ್ಲಿ ತಲೆಯೆತ್ತಿದರೆ ಫ್ಯಾನಿನ ರೆಕ್ಕೆಗಳ ಮೇಲೆ ಒಬ್ಬರ ಹೆಸರು, ತಲೆ ತಗ್ಗಿಸಿದರೆ ಮುಂದಿನ ಬೆಂಚಿನ ಬೆನ್ನಿಗೆ ಇನ್ನೊಬ್ಬರ ಹೆಸರು. ಗೋಡೆ ಗಡಿಯಾರದಲ್ಲಿ ಗಂಟೆ ನೋಡುವ ಮೊದಲು ಯಾರು ತೀರಿಕೊಂಡರು, ಯಾರು ಕೊಡಿಸಿದರು ಎಂದು ಓದಿ ಮುಗಿಸಬೇಕು. ಕ್ರಿಸ್‌ಮಸ್ ಊಟದ ಅನ್ನದ ಪಾತ್ರೆಗೂ ಜ್ಞಾಪಕಾರ್ಥ ಎಂದು ಕೆತ್ತಿಸಿದ್ದಾರೆ. ಇದನ್ನೆಲ್ಲ ನಾನು ಸಹಿಸಿಕೊಂಡು ಬಂದವಳೇ. ಹೆಸರಿದ್ದರೂ ಫ್ಯಾನು ತಿರುಗುತ್ತದೆ, ಹೆಸರಿದ್ದರೂ ಪಾತ್ರೆಯಲ್ಲಿ ಅನ್ನ ಬೇಯುತ್ತದೆ. ಆದರೆ ಪುಸ್ತಕದ ತಂಟೆಗೆ ಬಂದರು ನೋಡಿ, ಅವತ್ತು ನನ್ನ ಪಿತ್ತ ನೆತ್ತಿಗೇರಿತು. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆ ಪುಸ್ತಕಗಳು ನಮ್ಮ ಅಮ್ಮನವು. ಅಪ್ಪ ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ನೌಕರರಾಗಿದ್ದರು, ನಾಲೆಗೆ ನೀರು ಬಿಡುವ ಕೆಲಸ. ಅಮ್ಮ ಅಲ್ಲಿಯ ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಅಣೆಕಟ್ಟೆಯ ಕೆಳಗಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಮಂಚದ ಕೆಳಗೆ ಒಂದು ಟ್ರಂಕು, ಅದರ ತುಂಬ ಕ್ರೈಸ್ತ ಕಾದಂಬರಿಗಳು. ನಮ್ಮ ಸಭೆಗಳ ಜನರೇ ಬರೆದು, ಸಣ್ಣಪುಟ್ಟ ಪ್ರೆಸ್ಸುಗಳಲ್ಲಿ ಅಚ್ಚಾಗಿ, ವರ್ಷದ ಕೂಟಗಳಲ್ಲಿ ಮೇಜಿನ ಮೇಲೆ ಮಾರಾಟಕ್ಕೆ ಬರುತ್ತಿದ್ದ ಕಥೆಗಳು. ಒಂದು ಸಲ ಅಚ್ಚಾದದ್ದು ಮತ್ತೆ ಅಚ್ಚಾಗುತ್ತಿರಲಿಲ್ಲ. ಅಮ್ಮ ಸೀರೆ ಬಿಟ್ಟರೂ ಪುಸ್ತಕ ಬಿಟ್ಟವಳಲ್ಲ.

ಅವಳು ಕಥೆ ಓದಿ ಹೇಳುವ ರೀತಿಯೇ ಬೇರೆ. ಸಂಜೆ ಆಸ್ಪತ್ರೆಯಿಂದ ಬಂದು, ಕೈಕಾಲು ತೊಳೆದು, ನನ್ನನ್ನೂ ಅಣ್ಣನನ್ನೂ ಎದುರಿಗೆ ಕೂರಿಸಿಕೊಂಡು ಒಂದು ಪುಸ್ತಕ ತೆಗೆಯುತ್ತಿದ್ದಳು. ಮೊದಲ ಸಾಲು ಒಂದನ್ನೇ ಓದುತ್ತಿದ್ದಳು. ಟಪ್ ಎಂದು ಪುಸ್ತಕ ಮುಚ್ಚಿ ಒಲೆ ಹಚ್ಚಲು ಹೋಗುತ್ತಿದ್ದಳು. ನಾವು ಹಿಂದೆ ಬಿದ್ದು ಮುಂದೇನಾಯಿತು ಎಂದು ಪೀಡಿಸಬೇಕು.

"ಮುಂದಿಂದು ಉಂಡ ಮ್ಯಾಲೆ. ಮೊದಲ್ನೇ ಸಾಲು ಚೆನ್ನಾಗೈತೋ ಇಲ್ವೋ, ಅಷ್ಟು ಹೇಳ್ರಿ ಈಗ," ಎನ್ನುತ್ತಿದ್ದಳು.

ಹಾಗಾಗಿ ಆ ಸಾಲುಗಳು ನನಗೆ ಬಾಯಿಪಾಠ. "ದೇವರನ್ನು ನಂಬುತ್ತೇನೆಂದು ಅವಳು ಒಪ್ಪಿಕೊಂಡ ದಿನವೇ ಬಾವಿಯ ಹಗ್ಗ ಹರಿಯಿತು." ಇದು ನನಗೆ ಇಷ್ಟದ್ದು. ಅಣ್ಣನಿಗೆ ಇನ್ನೊಂದು: "ಅಯ್ಯನವರು ತೀರಿಕೊಂಡ ಮೇಲೆ ಅವರ ಕೋಳಿಗಳು ಯಾರ ಪಾಲಿಗೆ ಎಂಬ ವಿಷಯದಲ್ಲಿ ಸಭೆ ಎರಡು ಹೋಳಾಯಿತು." ಅಯ್ಯನವರು ಎಂದರೆ ನಮ್ಮಲ್ಲಿ ಸಭಾಪಾಲಕರು. ಯಾವ ಸಾಲು ಹೆಚ್ಚು ಎಂದು ನಾವಿಬ್ಬರೂ ಜುಟ್ಟು ಹಿಡಿದು ಜಗಳವಾಡಿದ್ದೇವೆ. ಒಂದು ಪುಸ್ತಕವನ್ನು ಮಾತ್ರ ಅಮ್ಮ ನಮಗೆ ಓದುತ್ತಿರಲಿಲ್ಲ. ನೀಲಿ ಬಟ್ಟೆಯ ರಟ್ಟಿನದು. ನಾಲೆಗೆ ನೀರು ಬಿಡುವ ದಿನಗಳಲ್ಲಿ ಅಪ್ಪ ಹೊತ್ತುಗೊತ್ತಿಲ್ಲದೆ ಬರುತ್ತಿದ್ದರು. ಅವರ ದಾರಿ ಕಾಯುತ್ತಾ ಅದನ್ನು ತಾನೊಬ್ಬಳೇ ಓದುತ್ತಿದ್ದಳು. "ಇದು ದೊಡ್ಡೋರ್ದು" ಎಂದು ನಮ್ಮ ಕೈಗೆ ಕೊಡಲಿಲ್ಲ. ಅಪ್ಪ ರಿಟೈರಾಗಿ ಕ್ವಾರ್ಟರ್ಸ್ ಬಿಡುವಾಗ ಇಡೀ ಟ್ರಂಕನ್ನು ಹಿರಿಯೂರಿನ ಚರ್ಚಿಗೆ ಕೊಟ್ಟಳು, ನಾಲ್ಕು ಜನ ಓದಲಿ ಎಂದು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆ ಚಿತ್ರದುರ್ಗದಲ್ಲಿದ್ದಾಳೆ. ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಮಾತು ಬರಿಸಲು ನನಗೆ ಹೊಳೆದದ್ದು ಆ ಮೊದಲ ಸಾಲುಗಳು. ಬೆಳಿಗ್ಗೆ ಕಾಫಿ ಕುಡಿಸುತ್ತಾ ನಾನು ಅರ್ಧ ಸಾಲು ಹೇಳುತ್ತಿದ್ದೆ, ಉಳಿದರ್ಧ ಅವಳು ಹೇಳಬೇಕು. ಹಗ್ಗ ಬಂತು, ಬಾವಿ ಬಂತು, ಕೋಳಿಗಳು ಬಂದವು. ಕೋಳಿ ಎಂದ ದಿನ ಅವಳೂ ನಕ್ಕಳು, ನಾನೂ ನಕ್ಕೆ. ಆದರೆ ನೀಲಿ ಪುಸ್ತಕದ ಸಾಲು ನನಗೇ ಗೊತ್ತಿಲ್ಲ, ಎಲ್ಲಿಂದ ಎತ್ತಿಕೊಡಲಿ? ಅವಳು "ದೀಪ... ದೀಪ..." ಎನ್ನುತ್ತಿದ್ದಳು. ಮುಂದಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. ಎಡಗೈಯಲ್ಲಿ ತೊಡೆ ತೊಡೆ ಹೊಡೆದುಕೊಂಡು ಅಳುತ್ತಿದ್ದಳು.

ಒಂದು ದಿನ ಕಷ್ಟಪಟ್ಟು ಇಡೀ ಮಾತೇ ಆಡಿದಳು. "ಅದೊಂದು ಸಾಲು ಸಿಕ್ರೆ ಸಾಕು ಕಣವ್ವ. ಆಮೇಲಿಂದು ನಾನೇ ಓದ್ಕೆಂತೀನಿ."

ಹಿರಿಯೂರಿನ ಚರ್ಚಿನ ಕಾರ್ಯದರ್ಶಿಗೆ ಫೋನ್ ಮಾಡಿದೆ. ಒಂದು ಪುಸ್ತಕ ತೆರೆದು ಒಂದು ಸಾಲು ಓದಿ ಹೇಳಿ ಎಂದೆ. ಅಷ್ಟೇ ನಾನು ಕೇಳಿದ್ದು. ಆತ ಹೇಳಿದ್ದು ಕೇಳಿ: "ಹೊಸ ಗಾಜಿನ ಕಪಾಟು ಮಾಡ್ಸಿದೀವಿ ಸಿಸ್ಟರ್. ಉದ್ಘಾಟನೆ ಆಗೋವರ್ಗೂ ಬೀಗ ತೆಗ್ಯಂಗಿಲ್ಲ. ಅವತ್ತು ಸ್ತ್ರೀಯರ ಕೂಟದಲ್ಲಿ ಮೊದಲ ಸಾಲು ಓದೋ ಕಾರ್ಯಕ್ರಮಾನೂ ಇಟ್ಕಂಡಿದೀವಿ, ನಿಮ್ಮ ಅಮ್ಮಾರ್ ಗೌರವಕ್ಕೇ. ಕರ್ಕಂಡು ಬರ್ರಿ." ಹಾಸಿಗೆ ಹಿಡಿದವಳು ಒಂದು ಸಾಲಿಗಾಗಿ ಅಳುತ್ತಿದ್ದಾಳೆ, ಇವರಿಗೆ ರಿಬ್ಬನ್ ಕತ್ತರಿಸುವ ಚಿಂತೆ. ಹಲ್ಲು ಕಚ್ಚಿಕೊಂಡು ಆಗಲಿ ಎಂದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಪಕ್ಕದ ಹಾಲಿನಲ್ಲಿ ಕೂಟ. ಅಮ್ಮನನ್ನು ಕಾರಿನಿಂದ ಇಳಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಅವಳು ನೀಲಿ ಅಂಚಿನ ಬಿಳಿ ಸೀರೆಯೇ ಬೇಕೆಂದು ಹಟ ಮಾಡಿ ಉಟ್ಟಿದ್ದಳು. ರಿಬ್ಬನ್ ಕತ್ತರಿಸಿದರು, ಪ್ರಾರ್ಥನೆ ಮಾಡಿದರು, ಚಪ್ಪಾಳೆ ತಟ್ಟಿದರು. ಕಪಾಟಿನಿಂದ ಪುಸ್ತಕಗಳನ್ನು ತೆಗೆದು ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಹಂಚಿದರು. ಮೊದಲ ಸರದಿ ಹೊಸದುರ್ಗದಿಂದ ಬಂದಿದ್ದ ದೊಡ್ಡ ದನಿಯ ಹೆಂಗಸಿನದು. ಆಕೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಪುಸ್ತಕ ತೆರೆದು ಗಟ್ಟಿಯಾಗಿ ಓದಿದಳು: "ದಿವಂಗತ ಶ್ರೀ..."

ಹಾಲಿಗೆ ಹಾಲೇ ನಕ್ಕಿತು. ಆಕೆ ಪುಸ್ತಕವನ್ನು ತಿರುಗಿಸಿ ತೋರಿಸಿದಳು. ಕಥೆ ಶುರುವಾಗುವ ಪುಟದ ನೆತ್ತಿಯ ಮೇಲೆ ಪೋಸ್ಟ್ ಕಾರ್ಡಿನಷ್ಟು ದೊಡ್ಡ ಚೀಟಿ. ಶಿಲುಬೆಯ ಚಿತ್ರ, ತೀರಿಕೊಂಡವರ ಹೆಸರು, ಕೆಳಗೆ ಕಪಾಟಿಗೆ ಹಣ ಕೊಟ್ಟ ಮಕ್ಕಳ ಹೆಸರು. ಅಂಟಿಸಿದ್ದು ಮೈದಾ ಅಂಟಿನಲ್ಲಿ. ಪಕ್ಕದವಳು ತನ್ನ ಪುಸ್ತಕ ತೆರೆದಳು, ಅಲ್ಲೂ ಚೀಟಿ. ಅವಳ ಪಕ್ಕದವಳದ್ದಕ್ಕೂ ಚೀಟಿ. ಎಲ್ಲ ಪುಸ್ತಕಗಳ ಮೊದಲ ಸಾಲೂ ಚೀಟಿಯ ಅಡಿಯಲ್ಲಿ ಹೂತುಹೋಗಿತ್ತು.

"ಪರ್ವಾಗಿಲ್ಲ, ಕಾಣೋ ಕಡೆಯಿಂದ ಓದ್ರಿ," ಎಂದ ಕಾರ್ಯದರ್ಶಿ.

ಓದಿದರು! ನಾಚಿಕೆಯಿಲ್ಲದೆ ಓದಿದರು. "ಎಂದು ಹೇಳಿ ಆತನು ಕತ್ತೆಯನ್ನು ಹತ್ತಿದನು," ಎಂದು ಒಬ್ಬಳು ಓದಿದಳು. ಅದಕ್ಕೂ ಚಪ್ಪಾಳೆ. ನನ್ನ ಬಾವಿಯ ಹಗ್ಗದ ಕಥೆ ಇನ್ನೊಬ್ಬಳ ಕೈಯಲ್ಲಿ "ಆದರೂ ಅವಳು ಬಿಂದಿಗೆ ಎತ್ತಿಕೊಂಡಳು" ಎಂದು ಶುರುವಾಯಿತು. ಯಾವ ಹಗ್ಗ, ಯಾವ ದೇವರು, ಯಾರಿಗೆ ಬೇಕು? ನಾನು ಎದ್ದು ಹೋಗಿ ಕಾರ್ಯದರ್ಶಿಯ ಮುಂದೆ ನಿಂತೆ.

"ಒಳರಟ್ಟಿನ ಮೇಲೆ ಅಂಟಿಸೋಕೆ ಏನಾಗಿತ್ತು ನಿಮಗೆ?"

"ಅಲ್ಲಿ ಯಾರ್ ನೋಡ್ತಾರೆ ಸಿಸ್ಟರ್? ಕಥೆ ಶುರುವಾಗೋ ಕಡೆ ಎಲ್ರ ಕಣ್ಣೂ ಬೀಳ್ತೈತೆ. ದಾನಿಗಳೇ ಅಲ್ಲೇ ಬೇಕು ಅಂದ್ರು."

ಎಲ್ಲರ ಕಣ್ಣು ಬೀಳುವ ಜಾಗ ಎಂದು ಗೊತ್ತಿದ್ದೇ ಮುಚ್ಚಿದ್ದಾರೆ. ಇನ್ನೊಂದು ವಿಷಯವೂ ಆಗ ಕಣ್ಣಿಗೆ ಬಿತ್ತು. ಚೀಟಿಗಳಲ್ಲಿ ಒಂದಾದರೂ ಹೆಂಗಸಿನ ಹೆಸರಿರಲಿಲ್ಲ. ಪುಸ್ತಕ ಕೊಟ್ಟವಳು ಹೆಂಗಸು, ಓದುವವರು ಹೆಂಗಸರು, ಬದುಕಿದ್ದಾಗ ಒಂದು ಕಥೆಯನ್ನೂ ಮೂಸಿ ನೋಡದ ಗಂಡಸರೆಲ್ಲ ಸತ್ತ ಮೇಲೆ ಬಂದು ಮೊದಲ ಪುಟದಲ್ಲಿ ಕಾಲು ಚಾಚಿ ಮಲಗಿದ್ದಾರೆ. ಇದನ್ನು ನಾನು ಮನಸ್ಸಿನಲ್ಲಿ ಅಂದುಕೊಳ್ಳಲಿಲ್ಲ, ಗಟ್ಟಿಯಾಗಿಯೇ ಅಂದೆ.

ಅಷ್ಟರಲ್ಲಿ ಯಾರೋ ನೀಲಿ ಪುಸ್ತಕವನ್ನು ಅಮ್ಮನ ತೊಡೆಯ ಮೇಲೆ ಇಟ್ಟಿದ್ದರು. ಅವಳು ಎಡಗೈಯಲ್ಲಿ ಅದನ್ನು ತೆರೆದು ಚೀಟಿಯನ್ನೇ ನೋಡುತ್ತಿದ್ದಳು. ನಾನು ಬಗ್ಗಿ ನೋಡಿದೆ. ಚೀಟಿಯಲ್ಲಿ ನಮ್ಮ ಅಪ್ಪನ ಹೆಸರು. ಕೆಳಗೆ ಅಣ್ಣನ ಹೆಸರು.

ಅಲ್ಲೇ ನಿಂತು ಹೊಳಲ್ಕೆರೆಗೆ ಫೋನ್ ಹಚ್ಚಿದೆ. ಅಣ್ಣನಿಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ.

"ಹೂಂ, ನಾನೇ ಹೇಳಿದ್ದು. ಅಮ್ಮಂಗೆ ಆ ಪುಸ್ತಕ ಅಂದ್ರೆ ಜೀವ ಅಲ್ವಾ? ಅಪ್ಪನ ಹೆಸ್ರು ಅದ್ರಾಗೇ ಇರ್ಲಿ ಅಂತ. ಯಾಕೆ, ಚೆನ್ನಾಗ್ ಬಂದಿಲ್ವಾ?"

ಪ್ರೀತಿಯಿಂದಲೇ ಮಾಡಿದ್ದಾನೆ, ಕತ್ತೆ. ಪ್ರೀತಿಯಿಂದ ಮಾಡಿದ್ದಾನೆ ಎಂಬುದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಫೋನ್ ಇಟ್ಟು ಚೀಟಿಯ ಮೂಲೆಗೆ ಉಗುರು ಹಾಕಿದೆ.

ಕಾರ್ಯದರ್ಶಿ ಓಡಿ ಬಂದ. "ಕೀಳಬ್ಯಾಡ್ರಿ ಸಿಸ್ಟರ್! ಒಬ್ರುದು ಕಿತ್ರೆ ಎಲ್ರೂ ಬೇಜಾರ್ ಮಾಡ್ಕೆಂತಾರೆ. ಕಮಿಟಿ ಮುಂದೆ ಇಡಾಣ. ಅಮ್ಮಾ, ನೀವಾದ್ರೂ ಹೇಳ್ರಿ. ಅದು ನಿಮ್ಮ ಯಜಮಾನ್ರ ಹೆಸ್ರು!"

ಅಮ್ಮ ನನ್ನ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದಳು. ಅವಳೂ ಬೇಡ ಎನ್ನುತ್ತಾಳೆ ಎಂದುಕೊಂಡೆ.

"ಕೀಳಬ್ಯಾಡ," ಎಂದಳು, ಒಂದೊಂದೇ ಅಕ್ಷರ ಜೋಡಿಸಿ. "ನೆನೆಸು."

ಆಸ್ಪತ್ರೆಯಲ್ಲಿ ಗಾಯಕ್ಕೆ ಅಂಟಿಕೊಂಡ ಬಟ್ಟೆಯನ್ನು ಅವಳು ಬಿಡಿಸುತ್ತಿದ್ದುದು ಹಾಗೆಯೇ. ಮೊದಲು ನೆನೆಸುವುದು, ಆಮೇಲೆ ಕಾಯುವುದು. ನಾನು ಕರ್ಚೀಫನ್ನು ಕುಡಿಯಲು ಇಟ್ಟಿದ್ದ ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಚೀಟಿಯ ಮೇಲೆ ಹರಡಿದೆ. ಯಾರೂ ಏಳಲಿಲ್ಲ. ಟೀ ಬಂದರೂ ಯಾರೂ ಲೋಟ ಮುಟ್ಟಲಿಲ್ಲ. ಅಮ್ಮ ಕಾರ್ಯದರ್ಶಿಯ ಕಡೆ ತಿರುಗಿ ತಡೆದು ತಡೆದು ಹೇಳಿದಳು.

"ಇವ್ರು ಇದ್ದಾಗ್ಲೂ ಹಿಂಗೇ ಕಣಪ್ಪ. ನಾನು ಇದನ್ನ ಬಿಚ್ಕಂಡ್ರೆ... ಎದುರಿಗೇ ಬಂದು ಕುಂತ್ಕಳ್ಳೋರು. ಊಟಕ್ಕೆ ಬಡ್ಸು ಅನ್ನೋರು. ಮುಚ್ಚಿಡ್ತಿದ್ದೆ."

ಹೊಸದುರ್ಗದ ಹೆಂಗಸು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಸ್ವಲ್ಪ ಹೊತ್ತಿಗೆ ಅಂಟು ಸಡಿಲವಾಯಿತು. ಅಮ್ಮ ಎಡಗೈಯ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಅಪ್ಪನ ಹೆಸರು ಹರಿಯದೆ ಇಡಿಯಾಗಿ ಎದ್ದು ಬಂತು. ಕೆಳಗೆ ಒದ್ದೆ ಕಾಗದದ ಮೇಲೆ ಅಕ್ಷರಗಳು ನೆಟ್ಟಗಿದ್ದವು. ನಾನು ಓದಲು ಬಾಯಿ ತೆರೆದೆ. ಅವಳು ಕಣ್ಣಿನಲ್ಲೇ ಗದರಿಸಿದಳು. ಕನ್ನಡಕ ಸರಿಮಾಡಿಸಿಕೊಂಡು, ಬೆರಳಿಟ್ಟು, ತಾನೇ ಓದಿದಳು.

"ಅವಳು ದೀಪ ಆರಿಸಲಿಲ್ಲ. ಬರುವವನು ಬಂದು ಆರಿಸಲಿ ಎಂದು ಮಲಗಿದಳು."

ಎರಡೂ ಮಾತನ್ನು ಎಲ್ಲೂ ಎಡವದೆ ಓದಿದಳು. ಲಕ್ವ ಹೊಡೆದ ಮೇಲೆ ಅಷ್ಟುದ್ದ ಅವಳು ಒಂದೇ ಉಸಿರಿಗೆ ಹೇಳಿದ್ದು ಅದೇ ಮೊದಲು. ಆಮೇಲೆ ಹಳೆಯ ರೂಢಿಯಂತೆ ಟಪ್ ಎಂದು ಪುಸ್ತಕ ಮುಚ್ಚಿದಳು.

ಒದ್ದೆ ಚೀಟಿ ನನ್ನ ಅಂಗೈಯಲ್ಲಿತ್ತು. ಇದನ್ನೇನು ಮಾಡಲಿ ಎಂದು ಕೇಳಿದೆ. ಎಸೆ ಎಂದಿದ್ದರೆ ಸಂತೋಷವಾಗಿ ಎಸೆಯುತ್ತಿದ್ದೆ, ನನ್ನ ಸಿಟ್ಟು ಅಷ್ಟಿತ್ತು.

"ಕಡೇ ಪುಟಕ್ಕೆ ಅಂಟ್ಸು," ಎಂದಳು ಅಮ್ಮ. "ನಾನು ಬೇಕಾದಷ್ಟು ಕಾದಿದೀನಿ. ಈಗ ಅವ್ರು ಕಾಯ್ಲಿ, ಕಥೆ ಮುಗಿಯೋವರ್ಗೂ."

ಕಡೆಯ ಪುಟದಲ್ಲಿ ಕಥೆ ಮುಗಿದ ಮೇಲೆ ಅರ್ಧ ಪುಟ ಖಾಲಿಯಿತ್ತು. ಅಲ್ಲಿ ಅಂಟಿಸಿದೆ. ಕಪಾಟಿನ ಉಳಿದ ಪುಸ್ತಕಗಳ ವಿಷಯ ಇನ್ನೂ ಕಮಿಟಿಯ ಮುಂದಿದೆಯಂತೆ, ಇರಲಿ. ಕಮಿಟಿ ಯಾವಾಗ ಸೇರುತ್ತದೋ ಅವರಿಗೇ ಗೊತ್ತಿಲ್ಲ. ನಾನು ಭಾನುವಾರ ಬಿಡುವಾದಾಗಲೆಲ್ಲ ಕರ್ಚೀಫು ತೆಗೆದುಕೊಂಡು ಹಿರಿಯೂರಿಗೆ ಹೋಗುತ್ತೇನೆ. ನೀಲಿ ಪುಸ್ತಕ ನಮ್ಮ ಮನೆಯಲ್ಲೇ ಇದೆ. ಅಮ್ಮ ದಿನಕ್ಕೆ ಒಂದು ಪುಟ ಓದುತ್ತಾಳೆ, ಅದಕ್ಕಿಂತ ಹೆಚ್ಚು ಓದು ಎಂದರೂ ಓದುವುದಿಲ್ಲ.