ಜಾಲಿಯ ಇದ್ದಿಲು

ನಿನ್ನೆ ಆದೋನಿಯ ಬೀದಿಯಲ್ಲಿ ಮೆಕ್ಕೆಜೋಳದ ತೆನೆ ಸುಡುವ ಇದ್ದಿಲಿನ ವಾಸನೆ ಬಂತು. ಎರಡನೇ ಮಹಾಯುದ್ಧದ ಕಾಲದ ಬಸ್ಸು ನೆನಪಾಯಿತು. ಆಗ ಪೆಟ್ರೋಲ್ ಸಿಗದೆ, ಬಸ್ಸಿನ ಹಿಂದೆ ಒಲೆಯಂಥ ಡಬ್ಬ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು.

ಹೊಳಗುಂದದ ಹತ್ತಿರ ನಮ್ಮದು ಕುರಿ ಸಾಕುವ ಮನೆ. ಬೇಸಿಗೆಯಲ್ಲಿ ಹುಲ್ಲು ಒಣಗಿದ ಮೇಲೆ ಅಜ್ಜಿ ಹಳ್ಳದ ದಂಡೆಯ ಜಾಲಿಮರಗಳನ್ನು ದೋಟಿಯಿಂದ ಅಲುಗಿಸುತ್ತಿದ್ದಳು. ಉದುರಿದ ಕಾಯಿ ತಿಂದು ಕುರಿಗಳು ಮಳೆಗಾಲದವರೆಗೆ ಬದುಕುತ್ತಿದ್ದವು. ಯುದ್ಧದ ಒಂದು ವರ್ಷ ಅಪ್ಪ ಆ ಮರಗಳನ್ನೆಲ್ಲ ಇದ್ದಿಲು ಸುಡುವವರಿಗೆ ಮಾರಿಬಿಟ್ಟ.

"ಜಾಲಿಗೇನ್ ಬರ ಐತಿ ಬಿಡವ್ವ, ತಾನಾ ಬೆಳಿತೈತಿ," ಎಂದ.

"ಬೆಳಿತೈತಿ. ಅಲ್ಲೀತನಕ ಕುರಿ ಉಪಾಸ ಇರ್ತಾವೇನು?" ಎಂದಳು ಅಜ್ಜಿ.

ಮರುಬೇಸಿಗೆ ಕುರಿಗಳು ಬೋಳು ದಂಡೆಗೆ ಹೋಗಿ, ಮರಗಳಿದ್ದ ಜಾಗದಲ್ಲೇ ತಲೆ ಎತ್ತಿ ನಿಲ್ಲುತ್ತಿದ್ದವು. ಅರ್ಧ ಹಿಂಡು ಸತ್ತಿತು. ಕುರಿಹಿಕ್ಕೆ ಬೀಳದ ಹೊಲದಲ್ಲಿ ಜೋಳವೂ ಸೊರಗಿತು. ಅಪ್ಪ ಕೆಲಸ ಹುಡುಕಿಕೊಂಡು ಆದೋನಿಗೆ ಹೊರಟಾಗ ನಾನೂ ಜೊತೆಗಿದ್ದೆ. ಬಸ್ಸಿನ ಡಬ್ಬಕ್ಕೆ ಇದ್ದಿಲು ಸುರಿಯುತ್ತಿದ್ದರು. ಅಪ್ಪ ಮುಖ ತಿರುಗಿಸಿ ಹತ್ತಿದ.

ನಿನ್ನೆ ತೆನೆ ಮಾರುವಾಕೆಯನ್ನು ಕೇಳಿದೆ: "ಯಾವ ಕಟ್ಟಿಗಿ ಇದ್ದಿಲವ್ವ ಇದು?"

"ಜಾಲೀದು ರೀ. ಅದಕ್ಕೇನ್ ಬರ ಐತಿ, ತಾನಾ ಬೆಳಿತೈತಿ."