ಬೇವಿನ ನೆರಳಿಗೆ ನಿಲ್ಲಿಸಿದ ಕಾರು

ಕಳೆದ ಲೋಕಸಭಾ ಚುನಾವಣೆಯ ಬೇಸಿಗೆ. ಗದಗಿನಿಂದ ಯಾವ ದಿಕ್ಕಿಗೆ ಹೊರಟರೂ ದಾರಿಯಲ್ಲೊಂದು ಚೆಕ್‌ಪೋಸ್ಟ್ ಎದುರಾಗುತ್ತಿದ್ದ ದಿನಗಳು. ಅಂಥ ಒಂದು ಬೆಳಿಗ್ಗೆ ನಾನು ಲಕ್ಷ್ಮೇಶ್ವರಕ್ಕೆ ಹೊರಟಿದ್ದೆ. ನನ್ನ ತಂಗಿಯ ಮಗಳು ಅರ್ಚನಾಳ ಕುಬಸವಿತ್ತು. ಸೀಮಂತಕ್ಕೆ ನಮ್ಮ ಕಡೆ ಹಾಗೆನ್ನುತ್ತೇವೆ. ತಂಗಿ ತೀರಿಕೊಂಡು ಎಷ್ಟೋ ವರ್ಷಗಳಾದವು. ಹೀಗಾಗಿ ತವರಿನ ಉಡಿ ಒಯ್ಯುವ ಕೆಲಸ ದೊಡ್ಡವ್ವನಾದ ನನ್ನದು. ನಮ್ಮನೆಯವರು ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದರಿಂದ ನಾನೊಬ್ಬಳೇ ಹೊರಟೆ.

ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಬಿಳಿ ಧೋತರದಲ್ಲಿ ಕಟ್ಟಿದ ದೊಡ್ಡ ಗಂಟು. ಅದರೊಳಗೆ ಬೆಟಗೇರಿಯ ನೇಕಾರರ ಮನೆಗೇ ಹೋಗಿ ಆರಿಸಿ ತಂದ ಹಸಿರು ಸೀರೆ, ಹಸಿರು ಬಳೆ, ಒಣಕೊಬ್ಬರಿ, ಉತ್ತತ್ತಿ, ಜೊತೆಗೆ ಸಮಾರಂಭಕ್ಕೆ ಬಂದ ಮುತ್ತೈದೆಯರಿಗೆಲ್ಲ ಕೊಡಲು ಒಂದು ರಾಶಿ ಕಣ, ಅಂದರೆ ರವಿಕೆಯ ಬಟ್ಟೆ. ಅರ್ಚನಾಳ ಅತ್ತೆಯ ಮನೆಯದು ದೊಡ್ಡ ಬಳಗ. ಯಾರಿಗೂ ಕಡಿಮೆ ಬೀಳಬಾರದೆಂದು ಸ್ವಲ್ಪ ಹೆಚ್ಚೇ ತಂದಿದ್ದೆ.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟ್‌ನಲ್ಲಿ. ಇಂಗ್ಲಿಷ್ ಸ್ಪೆಲಿಂಗ್ ತಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ ಗದಗಿನ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಕಣ್ಣು ಮಂಜಾಗುವವರೆಗೂ ಅಲ್ಲಿ ಬೇಲ್ ಅರ್ಜಿಗಳನ್ನು ಟೈಪ್ ಮಾಡಿದೆ. ಕೆಲಸ ಬಿಟ್ಟ ಮೇಲೂ ಒಂದು ಚಾಳಿ ಉಳಿದುಕೊಂಡಿದೆ. ಮನಸ್ಸಿಗೆ ಗಾಬರಿಯಾದಾಗ ಬೆರಳುಗಳು ತೊಡೆಯ ಮೇಲೆ ತಾವೇ ಟೈಪ್ ಮಾಡತೊಡಗುತ್ತವೆ. ಏನು ಟೈಪ್ ಮಾಡುತ್ತವೆಂದು ನಾನು ಎಂದೂ ಗಮನಿಸಿದವಳಲ್ಲ.

ಕಾರು ರಾಜೇಸಾಬನದು. ನಮ್ಮ ಹಿಂದಿನ ಓಣಿಯವನು. ಸಾಲ ಮಾಡಿ ಕೊಂಡ ಆ ಒಂದೇ ಗಾಡಿಯಲ್ಲಿ ಅವನ ಸಂಸಾರ ನಡೆಯಬೇಕು. ಅದಕ್ಕೂ ಹಿಂದಿನ ವರ್ಷ ಮುಂಡರಗಿ ಬಸ್‌ಸ್ಟ್ಯಾಂಡಿನೆದುರು ನಾನು ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದೆ. ನನ್ನನ್ನು ಎತ್ತಿ ಕೂರಿಸಿದವನು ಅವನೇ. ಅಂದಿನಿಂದ ನಾನು ಗಾಡಿಯಲ್ಲಿದ್ದರೆ ನೆರಳಿಲ್ಲದ ಕಡೆ ಅವನು ಬ್ರೇಕ್ ಹಾಕುತ್ತಿರಲಿಲ್ಲ. ಔಷಧಿ ಅಂಗಡಿ ಎದುರಿಗಿದ್ದರೂ ಮುಂದಿನ ಗಿಡದ ಕೆಳಗೆ ನಿಲ್ಲಿಸಿ, ತಾನು ಬಿಸಿಲಲ್ಲಿ ನಡೆದುಹೋಗಿ ಔಷಧಿ ತರುತ್ತಿದ್ದ.

ಶಿರಹಟ್ಟಿ ಇನ್ನೂ ದೂರವಿರುವಾಗ ರಸ್ತೆಗೆ ಅಡ್ಡ ಬ್ಯಾರಿಕೇಡ್ ಕಂಡಿತು. ಹಿಂದಿನ ದಿನದ ಗಾಳಿಗೆ ಚೆಕ್‌ಪೋಸ್ಟಿನ ಶಾಮಿಯಾನ ಹರಿದು ಬಿದ್ದಿತ್ತು. ಬರೇ ಕಂಬಗಳು ನಿಂತಿದ್ದವು. ಒಬ್ಬ ಎಎಸ್‌ಐ ಕೈ ಅಡ್ಡ ಹಿಡಿದ. ಅವನು ನಿಂತಿದ್ದುದು ಸುಡುವ ಡಾಂಬರಿನ ಮೇಲೆ. ಸ್ವಲ್ಪ ಮುಂದೆ, ಬ್ಯಾರಿಕೇಡಿನ ಆಚೆ, ರಸ್ತೆಯ ಎಡಕ್ಕೆ ಒಂದು ಬೇವಿನ ಮರವಿತ್ತು. ರಾಜೇಸಾಬ ವೇಗ ಇಳಿಸಿ, ಬ್ಯಾರಿಕೇಡಿನ ಸಂದಿಯಿಂದ ಮೆಲ್ಲಗೆ ದಾಟಿ, ಆ ಮರದ ಕೆಳಗೆ ನಿಲ್ಲಿಸಿದ.

ಬೂಟಿನ ಸದ್ದು ಕೇಳಿಸಿತು. ಎಎಸ್‌ಐ ಓಡಿಬಂದು ಲಾಠಿಯಿಂದ ಬಾನೆಟ್ ಮೇಲೆ ಬಡಿದ.

"ಇಳೀಲೇ ಕೆಳಗ! ಕೈ ಮಾಡಿದ್ದು ಕಾಣಲಿಲ್ಲೇನು? ಓಡ್ಸಿಕೊಂಡು ಹೊಂಟಿದ್ದೇನು?"

"ಇಲ್ಲರೀ ಸಾಹೇಬ್ರ, ನೆಳ್ಳಿಗೆ ಹಚ್ಚಿದ್ನಿರಿ. ಅಮ್ಮಾರಿಗೆ ಬಿಸಿಲು ತಡ್ಯೂದಿಲ್ಲ."

"ನೆಳ್ಳು ಬೇಕಾತಾ ನಿಮಗ? ಮುಂಜಾನಿಂದ ನಾವು ಬಿಸಿಲಾಗ ನಿಂತು ಹಪ್ಪಳ ಆಗೇವಿ. ನಿಮಗ ನೆಳ್ಳು!" ಎನ್ನುತ್ತ ಎಎಸ್‌ಐ ಕಿಟಕಿಯೊಳಗೆ ಕೈ ಹಾಕಿ ಚಾವಿ ಕಿತ್ತುಕೊಂಡ.

ಆಮೇಲೆ ಗಂಟಿನ ಮೇಲೆ ಅವನ ಕಣ್ಣು ಬಿತ್ತು. ಬಿಚ್ಚಿಸಿದ. ಕಣಗಳ ರಾಶಿ ಸೀಟಿನ ತುಂಬ ಚೆಲ್ಲಿತು.

"ಯಾರಿಗೆ ಹಂಚಾಕ ಇವು?"

"ಕುಬಸಕ್ಕ" ಎಂದೆ.

"ಎಷ್ಟು ಮಂದಿ ಬಸುರಿ ಅದಾರ್ರಿ ಅಮ್ಮಾ ನಿಮ್ಮ ಮನ್ಯಾಗ?"

"ಒಬ್ಬಾಕೀನ."

"ಒಬ್ಬಾಕಿಗೆ ಇಷ್ಟು ಕಣಾನ? ಬಸುರಿ ಲೆಕ್ಕ ಬಿಡ್ರಿ, ವೋಟಿನ ಲೆಕ್ಕ ಹೇಳ್ರಿ."

ಹಿಂದೆ ನಿಂತಿದ್ದ ಕಾನ್‌ಸ್ಟೇಬಲ್ ನಕ್ಕುಬಿಟ್ಟ. ನನಗೆ ಅವಮಾನವಾಯಿತು. ಅವಮಾನವಾದಾಗ ನನ್ನ ಬಾಯಿಂದ ಇಂಗ್ಲಿಷ್ ಬರುತ್ತದೆ, ಅದು ಕಾನ್ವೆಂಟಿನ ವರವೋ ಶಾಪವೋ ತಿಳಿಯದು. "ಆಫೀಸರ್, ದಿಸ್ ಈಸ್ ಮೋಸ್ಟ್ ಅನ್‌ಫೇರ್!" ಎಂದುಬಿಟ್ಟೆ.

"ಇಂಗ್ಲಿಷ್‌ನ್ಯಾಗ ಬೈಬ್ಯಾಡ್ರಿ ಮೇಡಂ, ನಮಗೂ ಒಂದೀಟು ತಿಳಿತೈತಿ" ಎಂದ ಎಎಸ್‌ಐ.

ಆದರೆ ಆ ಒಂದು ವಾಕ್ಯದಿಂದ ಏನೋ ಬದಲಾಯಿತು. ಅಲ್ಲಿಯವರೆಗೆ ಅಮ್ಮಾ ಆಗಿದ್ದವಳು ಮೇಡಂ ಆದೆ. ಕಾನ್‌ಸ್ಟೇಬಲ್ ಪ್ಲಾಸ್ಟಿಕ್ ಕುರ್ಚಿಯನ್ನು ಮರದ ಕೆಳಗೆ ತಂದಿಟ್ಟ. ರಾಜೇಸಾಬನನ್ನು ಮಾತ್ರ ರಸ್ತೆಯ ಮೇಲೆ, ಬಿಸಿಲಲ್ಲಿ, ಬರಿಗಾಲಲ್ಲಿ ನಿಲ್ಲಿಸಿದ್ದರು. ಇಳಿಯುವ ಅವಸರದಲ್ಲಿ ಅವನ ಚಪ್ಪಲಿ ಗಾಡಿಯಲ್ಲೇ ಉಳಿದಿದ್ದವು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

"ಮೇಡಂ, ನೀವು ಹಿರೇರು. ನಿಮ್ಮ ಸಾಮಾನು ತಗೊಂಡು ಹೋಗ್ರಿ. ಲಕ್ಷ್ಮೇಶ್ವರದ ಯಾವುದರ ಗಾಡಿ ಬಂದ್ರ ಹತ್ತಿಸಿ ಕೊಡ್ತೀವಿ" ಎಂದ ಎಎಸ್‌ಐ. "ಇವ ಮತ್ತ ಗಾಡಿ ಸ್ಟೇಷನ್ನಿಗೆ ಬರ್ತಾವು. ಚೆಕ್‌ಪೋಸ್ಟ್ ಹಾರಿಸ್ಯಾನ."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅರ್ಚನಾ.

"ದೊಡ್ಡವ್ವಾ, ಎಲ್ಲಿದ್ದೀ? ನನ್ನ ಹಸೀ ಮ್ಯಾಲೆ ಕುಂಡ್ರಿಸ್ಯಾರ. ನಮ್ಮತ್ತಿ ನಿನ್ನ ಹಾದೀನ ನೋಡಾಕತ್ತಾರ."

"ಬಂದೆ ಅವ್ವಾ, ಇಲ್ಲೇ ಅದೀನಿ" ಎಂದು ಇಟ್ಟುಬಿಟ್ಟೆ. ಅವಳ ದನಿ ನನ್ನ ತಂಗಿಯದೇ ದನಿ. ಫೋನಿನಲ್ಲಿ ಇನ್ನೂ ಹೆಚ್ಚು ಹಾಗೆನಿಸುತ್ತದೆ.

ರಾಜೇಸಾಬ ದೂರದಿಂದಲೇ ಕೂಗಿದ. "ಹೋಗ್ರಿ ಅಮ್ಮಾರ, ನನ್ನ ಸಲುವಾಗಿ ನಿಲ್ಲಬ್ಯಾಡ್ರಿ. ಪಾಪ, ಹುಡುಗಿ ಖಾಲಿ ಉಡ್ಯಾಗ ಕುಂತೈತಿ."

ಎದ್ದು ನಿಂತೆ, ಮತ್ತೆ ಕೂತೆ. ಹೋದರೆ ಇವನನ್ನು ಒಯ್ಯುತ್ತಾರೆ. ಸ್ಟೇಷನ್ನಿನ ಬಾಗಿಲ ಒಳಗೆ ಹೋದ ಮೇಲೆ ಏನೇನು ನಡೆಯಬಹುದೆಂದು ನಾನು ಪುಟಗಟ್ಟಲೆ ಟೈಪ್ ಮಾಡಿದವಳು. ಹೋಗದಿದ್ದರೆ ಅಲ್ಲಿ ತಾಯಿಯಿಲ್ಲದ ಹುಡುಗಿ. ಗಂಟನ್ನು ತೊಡೆಯ ಮೇಲಿಟ್ಟುಕೊಂಡೆ. ಬೆರಳುಗಳು ಅದರ ಮೇಲೆ ಓಡತೊಡಗಿದವು.

ಆಗ ಕಾನ್‌ಸ್ಟೇಬಲ್ ಒಂದು ಬಿಳಿ ಹಾಳೆಯನ್ನು ರಾಜೇಸಾಬನ ಮುಂದೆ ಹಿಡಿದ. "ಇಲ್ಲೊಂದು ಸೈನ್ ಒಗಿಲೇ. ಉಳಿದದ್ದು ನಾವು ಬರ್ಕೊಂತೀವಿ."

ರಾಜೇಸಾಬ ಪೆನ್ನು ತೆಗೆದುಕೊಂಡ. ಆ ಕ್ಷಣದಲ್ಲೇ, ಮೊದಲ ಬಾರಿಗೆ, ನನ್ನ ಬೆರಳುಗಳು ಏನು ಟೈಪ್ ಮಾಡುತ್ತಿವೆ ಎಂಬುದು ನನಗೆ ತಿಳಿಯಿತು. ಪ್ರತಿ ಅರ್ಜಿಯಲ್ಲೂ ಬರುತ್ತಿದ್ದ ಅದೇ ಸಾಲುಗಳು. ಬಂಧನದ ಕಾರಣವನ್ನು ಆತನಿಗೆ ತಿಳಿಸಲಿಲ್ಲ. ಮನೆಯವರಿಗೆ ಸುದ್ದಿ ಕೊಡಲಿಲ್ಲ. ಖಾಲಿ ಹಾಳೆಯ ಮೇಲೆ ಸಹಿ ಪಡೆದರು. ಆ ಅರ್ಜಿಗಳೆಲ್ಲ ಎಲ್ಲ ನಡೆದುಹೋದ ಮೇಲೆ ಬರೆದವು. ಇಲ್ಲಿ ಇನ್ನೂ ಯಾವುದೂ ನಡೆದಿರಲಿಲ್ಲ.

"ರಾಜೇಸಾಬಾ, ಸೈನ್ ಮಾಡಬ್ಯಾಡ!" ಎಂದು ಕೂಗಿದೆ. ಗಂಟು ಎತ್ತಿಕೊಂಡೇ ನೆರಳು ಬಿಟ್ಟು ರಸ್ತೆಗೆ ನಡೆದೆ. ಬಿಸಿಲು ನೆತ್ತಿಗೆ ಬಡಿಯಿತು. ಇಂಗ್ಲಿಷ್ ನುಂಗಿಕೊಂಡು ನಮ್ಮ ಮನೆಯ ಭಾಷೆಯಲ್ಲೇ, ಆದಷ್ಟು ಮೆತ್ತಗೆ ಕೇಳಿದೆ.

"ಸಾಹೇಬ್ರ, ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಇವನ್ನ ಅರೆಸ್ಟ್ ಮಾಡೀರೋ, ಬರೇ ಕೇಳಾಕ ಕರ್ಕೊಂಡು ಹೊಂಟೀರೋ?"

ಎಎಸ್‌ಐ ನನ್ನನ್ನೇ ನೋಡಿದ. "ಅದನ್ನ ಕೇಳಾಕ ನೀವ್ಯಾರ್ರಿ? ವಕೀಲರಾ?"

"ಅಲ್ಲರಿ. ವಕೀಲರ ಟೈಪಿಸ್ಟ್. ಅರೆಸ್ಟ್ ಅಂದ್ರ ಯಾಕಂತ ಅವಗ ಹೇಳ್ರಿ, ಅವನ ಹೆಂಡತಿಗೆ ಫೋನ್ ಹಚ್ಚಿ ತಿಳಿಸ್ರಿ. ಅರೆಸ್ಟ್ ಅಲ್ಲಂದ್ರ ನೋಟಿಸ್ ಕೊಡ್ರಿ, ಕರೆದ ದಿನ ಬರ್ತಾನ. ನಾನೂ ಬರ್ತೀನಿ. ಆ ಹಾಳಿ ಮ್ಯಾಲೆ ಏನರ ಬರೆದ್ರ, ಓದಿ ಸೈನ್ ಮಾಡ್ತಾನ. ಖಾಲಿ ಹಾಳಿಗೆ ಮಾಡೂದಿಲ್ಲ."

"ಅಮ್ಮಾರ, ಬ್ಯಾಡ್ರಿ" ಎಂದ ರಾಜೇಸಾಬ. ನನ್ನ ಸೆರಗು ಹಿಡಿದೆಳೆಯುವಷ್ಟು ಹೆದರಿದ್ದ.

ಎಎಸ್‌ಐಯ ಕುತ್ತಿಗೆಯಿಂದ ಬೆವರು ಇಳಿದು ಕಾಲರ್ ತೊಯ್ದಿತ್ತು. ಅವನು ಏನು ಮಾಡಬಹುದೆಂದು ನನಗೂ ಗೊತ್ತಿರಲಿಲ್ಲ. ನನ್ನನ್ನೂ ಜೀಪಿಗೆ ಹತ್ತು ಎಂದರೆ? ಗಂಟನ್ನು ಎದೆಗೆ ಅವುಚಿಕೊಂಡು ಅದರ ಹಿಂದೆ ಅವಿತಂತೆ ನಿಂತಿದ್ದೆ.

ಇಷ್ಟಾಗುವಾಗ ಅವರ ಜೀಪಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದ ಚೆಕ್‌ಪೋಸ್ಟ್ ತಂಡದ ಮುಖ್ಯಸ್ಥರು ಇಳಿದು ಬಂದರು. ಚುನಾವಣೆ ಡ್ಯೂಟಿಗೆ ಹಾಕಿದ್ದ ಒಬ್ಬ ಕಾಲೇಜು ಲೆಕ್ಚರರ್. "ಏನಂತ?" ಎಂದರು. "ಗಾಡಿ ಓಡ್ಸಿಕೊಂಡು ಹೊಂಟಿದ್ದ ಸರ್, ಬಡದು ನಿಲ್ಲಿಸಿದ್ವಿ" ಎಂದ ಎಎಸ್‌ಐ.

ಪಕ್ಕದಲ್ಲಿ ಒಬ್ಬ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ತಪಾಸಣೆಯ ವಿಡಿಯೋ ಮಾಡಲು ನೇಮಿಸಿಕೊಂಡವನು. ನಾನು ಅವನ ಕಡೆ ತಿರುಗಿದೆ. "ನಿಮ್ಮ ಕ್ಯಾಮೆರಾ ಚಾಲೂ ಇತ್ತೇನಪಾ, ನಾವು ಬರೂ ಮುಂದ?"

ಅವನು ಎಎಸ್‌ಐ ಮುಖ ನೋಡಿದ, ಲೆಕ್ಚರರ್ ಮುಖ ನೋಡಿದ. "ಇತ್ತರಿ" ಎಂದ. ಆಮೇಲೆ ಕೇಳದಿದ್ದರೂ ಸೇರಿಸಿದ. "ಸರ್, ನಾ ಮದುವಿ ವಿಡಿಯೋ ಮಾಡಾಂವ. ಇದು ಕುಬಸದ ಸಾಮಾನೇ ಐತ್ರಿ. ಹಸರ ಸೀರಿ, ಹಸರ ಬಳಿ. ವೋಟಿಗೆ ಯಾರು ಉತ್ತತ್ತಿ ಹಂಚ್ತಾರ್ರಿ?"

"ತೋರಿಸು" ಎಂದರು ಲೆಕ್ಚರರ್.

ಅವನು ಚಿಕ್ಕ ಸ್ಕ್ರೀನ್ ತಿರುಗಿಸಿದ. ಬಿಸಿಲಿನ ಝಳಕ್ಕೆ ಏನೂ ಕಾಣಲಿಲ್ಲ. ಕೈ ಮರೆ ಮಾಡಿದರೂ ಕಾಣಲಿಲ್ಲ. ಟವೆಲ್ ಹಿಡಿದರೂ ಕಾಣಲಿಲ್ಲ.

"ನೆಳ್ಳಿಗೆ ಬರ್ರಿ ಸರ್" ಎಂದ ಅವನು.

ಎಲ್ಲರೂ ಬೇವಿನ ಮರದ ಕೆಳಗೆ ಹೋದೆವು. ಲೆಕ್ಚರರ್, ಎಎಸ್‌ಐ, ಕಾನ್‌ಸ್ಟೇಬಲ್, ಗಂಟು ಹಿಡಿದ ನಾನು. ಕಡೆಗೆ ರಾಜೇಸಾಬನೂ ಬಂದು ಅಂಚಿನಲ್ಲಿ, ಅರ್ಧ ಬಿಸಿಲು ಅರ್ಧ ನೆರಳಿನಲ್ಲಿ ನಿಂತ. ಸ್ಕ್ರೀನಿನಲ್ಲಿ ಬಿಳಿ ಕಾರು ಬಂತು. ಎಡಗಡೆಯ ಇಂಡಿಕೇಟರ್ ಮಿಣುಕುತ್ತಿತ್ತು. ಗಾಡಿ ನಡೆದು ಬಂದಷ್ಟೇ ನಿಧಾನ. ಡ್ರೈವರ್ ಕಿಟಕಿಯಿಂದ ಒಂದು ಕೈ ಹೊರಬಂದು ಮರದ ಕಡೆ ತೋರಿಸುತ್ತಿತ್ತು, ಅಲ್ಲಿ ನಿಲ್ಲಿಸುತ್ತೇನೆ ಎನ್ನುವಂತೆ. ಆ ಕೈಯನ್ನು ಹಿಂದೆ ಕೂತಿದ್ದ ನಾನೂ ನೋಡಿರಲಿಲ್ಲ.

"ಮತ್ತ ತೋರಸ್ಲೇನ್ರಿ, ಸ್ಲೋ ಮೋಷನ್ ಮಾಡಿ?" ಎಂದ ಮದುವೆ ವಿಡಿಯೋದವನು.

"ಸಾಕ್ ಬಿಡಲೇ" ಎಂದ ಎಎಸ್‌ಐ. ಟೋಪಿ ತೆಗೆದು ತಲೆ ಒರೆಸಿಕೊಂಡ. ಬೆಳಗಿನಿಂದ ಅವನೂ ಆಗಲೇ ಮೊದಲ ಸಲ ನೆರಳಿಗೆ ಬಂದಿದ್ದನೇನೋ. ನನ್ನ ಸಿಟ್ಟು ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ.

ಲೆಕ್ಚರರ್ ಗಂಟಿನ ಸಾಮಾನು ನೋಡಿ, ಅರ್ಚನಾಳ ಮನೆಗೆ ಫೋನ್ ಮಾಡಿ ಕೇಳಿ, "ಹೋಗ್ರಿ, ಲೇಟಾತು ನಿಮಗ" ಎಂದರು. ಎಎಸ್‌ಐ ಚಾವಿಯನ್ನು ನನ್ನ ಕಡೆ ಚಾಚಿದ.

"ಅವನ ಕೈಯಾಗ ಕೊಡ್ರಿ, ಗಾಡಿ ಅವಂದು" ಎಂದೆ.

ಅವನು ಚಾವಿಯನ್ನು ಬಾನೆಟ್ ಮೇಲೆ ಇಟ್ಟು ಹೊರಟುಹೋದ. ರಾಜೇಸಾಬ ಅದನ್ನು ಎತ್ತಿಕೊಂಡ.

ಲಕ್ಷ್ಮೇಶ್ವರದವರೆಗೆ ನಾನು ಕಣಗಳನ್ನು ಮಡಚುತ್ತ ಕೂತೆ, ಒಂದನ್ನೇ ಎಷ್ಟು ಸಲ ಮಡಚಿದೆನೋ. ನೋಡಿಟ್ಟ ಮುಹೂರ್ತ ಮೀರಿ ಹೋಗಿತ್ತು. ಅರ್ಚನಾ ಇನ್ನೂ ಹಸೆಯ ಮೇಲೆಯೇ ಕೂತಿದ್ದಳು. ಹಸಿರು ಸೀರೆ ಉಡಿಸಿ ಉಡಿ ತುಂಬುವಾಗ ನನ್ನ ಕೈಯಿಂದ ಉತ್ತತ್ತಿ ಕೆಳಗೆ ಬಿದ್ದವು. "ಯಾಕ ದೊಡ್ಡವ್ವಾ?" ಎಂದಳು. "ಬಿಸಿಲವ್ವಾ" ಎಂದೆ.

ಈಗ ಅರ್ಚನಾಳ ಮಗಳು ಓಡಾಡುತ್ತಾಳೆ. ನನಗೆ ಬಾಯಿಪಾಠವಾಗಿದ್ದ ಸೆಕ್ಷನ್ ನಂಬರ್‌ಗಳೆಲ್ಲ ಹೊಸ ಕಾನೂನು ಬಂದು ಬದಲಾಗಿವೆ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಬದಲಾಗಿಲ್ಲ ಎಂದು ಅದೇ ಆಫೀಸಿನ ಈಗಿನ ಜೂನಿಯರ್ ವಕೀಲೆ ಹೇಳಿದಳು. ನಮ್ಮ ಓಣಿಯ ಹೆಣ್ಣುಮಕ್ಕಳು ಸಂಜೆ ಕಟ್ಟೆಗೆ ಬಂದು ಕೂತಾಗ ಆ ಪ್ರಶ್ನೆಗಳನ್ನು ಅವರಿಗೆ ಹೇಳಿಕೊಡುತ್ತೇನೆ. "ಅಷ್ಟು ಧೈರ್ಯ ನಮಗೆಲ್ಲಿಂದ ಬರಬೇಕ್ರಿ?" ಎನ್ನುತ್ತಾರೆ. ನನಗೂ ಇರಲಿಲ್ಲ ಎಂದರೆ ನಂಬುವುದಿಲ್ಲ. ಮಲಗಿದಾಗ ನಾನೂ ಹೊರಳಾಡುತ್ತೇನೆ. ಕ್ಯಾಮೆರಾ ಬಂದ್ ಇದ್ದಿದ್ದರೆ? ನಾನು ಇಂಗ್ಲಿಷ್ ಬಾರದ, ಕುರ್ಚಿ ಸಿಗದ ಹೆಂಗಸಾಗಿದ್ದರೆ ನನ್ನ ಪ್ರಶ್ನೆಗೆ ಯಾರು ನಿಲ್ಲುತ್ತಿದ್ದರು?

ಮೊನ್ನೆ ರಾಜೇಸಾಬನ ಗಾಡಿಯಲ್ಲೇ ಮುಂಡರಗಿಗೆ ಹೋಗಿದ್ದೆ. ಊರ ಹೊರಗೆ ಒಬ್ಬ ಚಿಕ್ಕ ವಯಸ್ಸಿನ ಪೊಲೀಸ್ ಕೈ ಮಾಡಿದ. ರಾಜೇಸಾಬ ಅಲ್ಲೇ, ನಡುಬಿಸಿಲಲ್ಲಿ, ಗಕ್ಕನೆ ಬ್ರೇಕ್ ಹಾಕಿದ. ಪೊಲೀಸ್ ಕಾಗದ ಪತ್ರ ನೋಡಿ, ಹಿಂದೆ ಕೂತ ನನ್ನನ್ನು ಕಂಡು, "ಅಜ್ಜಿ ಅದಾರಲ್ಲ, ಅಲ್ಲಿ ಮುಂದ ಗಿಡದ ನೆಳ್ಳಿಗೆ ಹಚ್ಚಬಾರದಾ?" ಎಂದ. ನಿಜವಾಗಿ ಒಳ್ಳೆಯ ಹುಡುಗ.

"ಇಲ್ಲೇ ಇರ್ಲಿ ಬಿಡ್ರಿ ಸಾಹೇಬ್ರ" ಎಂದ ರಾಜೇಸಾಬ. ಎರಡೂ ಕೈ ಸ್ಟೀರಿಂಗ್ ಮೇಲೆ, ಎದ್ದು ಕಾಣುವಂತೆ ಇಟ್ಟುಕೊಂಡಿದ್ದ. ಗಾಡಿ ಕದಲಿಸಲಿಲ್ಲ.

ಮುಂದಿನ ಮರ ಅಲ್ಲೇ ಕಾಣುತ್ತಿತ್ತು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಬಿಸಿಲಲ್ಲೇ ಕೂತೆ. ನನ್ನ ಬೆರಳುಗಳು ತೊಡೆಯ ಮೇಲೆ ಓಡುತ್ತಿದ್ದವು.